ಮೂರು ರವಿವಾರ ಮನೆಗೆ ಬಂದಿದ್ದ ಪೆಲೆಟ್ ಗ್ರಿಲ್

ಹುಬ್ಬಳ್ಳಿಯ ಗೆಳೆಯರೊಬ್ಬರು ಆಷಾಢದ ಮೊದಲ ವಾರ ಫೋನ್ ಮಾಡಿದರು. ಅವರಿಗೆ ಪುಣೆಗೆ ವರ್ಗವಾಗಿತ್ತು. ಅಲ್ಲಿ ಸಿಕ್ಕಿದ್ದು ಏಳನೆಯ ಮಹಡಿಯ ಮನೆ, ಬಾಲ್ಕನಿಯಲ್ಲಿ ಹೊಗೆ ಎಬ್ಬಿಸುವ ಹಾಗಿಲ್ಲ. “ನನ್ನ ಪೆಲೆಟ್ ಗ್ರಿಲ್ಲನ್ನು ನಿಮ್ಮ ಹಿತ್ತಲಿಗೆ ಕಳಿಸುತ್ತೇನೆ. ಮೂರು ವಾರ ಅಡುಗೆ ಮಾಡಿ ನೋಡಿ. ಮನಸ್ಸಿಗೆ ಬಂದರೆ ಅರ್ಧ ಬೆಲೆಗೆ ನೀವೇ ಇಟ್ಟುಕೊಳ್ಳಿ. ಶ್ರಾವಣ ಹಿಡಿಯುವುದರೊಳಗೆ ಒಂದು ಮಾತು ಹೇಳಿಬಿಡಿ” ಎಂದರು. ಶ್ರಾವಣ ಪೂರ್ತಿ ನಮ್ಮ ಮನೆಯಲ್ಲಿ ಮಾಂಸದಡುಗೆ ಇರುವುದಿಲ್ಲ ಎಂಬುದು ಅವರಿಗೆ ಗೊತ್ತು. ಮರುದಿನ ಸಂಜೆ ಗೂಡ್ಸ್ ಗಾಡಿಯೊಂದು ಧಾರವಾಡದ ನಮ್ಮ ಮನೆಯ ಮುಂದೆ ನಿಂತಿತು. ಇಳಿಸಲು ನಾಲ್ಕು ಜನ ಬೇಕಾಯಿತು.

ಈ ಬರಹ ಆ ಮೂರು ವಾರಗಳದ್ದು. ಮರದ ಹೊಟ್ಟಿನ ಕಡ್ಡಿ ಉರಿಸಿ ಅಡುಗೆ ಮಾಡುವ ಇಂಥ ಗ್ರಿಲ್ ಕೊಳ್ಳಬೇಕೇ ಬೇಡವೇ ಎಂದು ಯೋಚಿಸುವವರು ಈಗ ನಮ್ಮ ಕಡೆಯೂ ಇದ್ದಾರೆ. ಅದರ ಬಗ್ಗೆ ಓದಲು ಸಿಗುವುದೆಲ್ಲ ಅಮೆರಿಕದ ಅಂಗಳ, ಅಮೆರಿಕದ ಮಾಂಸ, ಅಮೆರಿಕದ ಹವೆಗೆ ಬರೆದದ್ದು. ನಮ್ಮ ಮಳೆ, ನಮ್ಮ ಕರೆಂಟು, ನಮ್ಮ ತಟ್ಟೆಯನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದರೆ ಏನಾಗುತ್ತದೆ ಎಂದು ನಾನೇ ನೋಡಬೇಕಿತ್ತು.

ಮೊದಲು ನನ್ನ ಹಿತ್ತಲಿನಲ್ಲಿ ಏನಿದೆ ಎಂದು ಹೇಳಬೇಕು. ಹನ್ನೊಂದು ವರ್ಷದಿಂದ ಅಲ್ಲಿರುವುದು ಅರ್ಧ ಡ್ರಮ್ಮಿನ ಸಿಗಡಿ. ಹುಬ್ಬಳ್ಳಿಯ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಇನ್ನೂರು ಲೀಟರಿನ ಡ್ರಮ್ಮನ್ನು ಉದ್ದಕ್ಕೆ ಸೀಳಿಸಿ, ನಾಲ್ಕು ಕಾಲು ಹಚ್ಚಿಸಿ, ಮೇಲೆ ಕಬ್ಬಿಣದ ಸರಳುಗಳ ಜಾಳಿಗೆ ಕೂಡಿಸಿಕೊಂಡು ಬಂದಿದ್ದೆ. ಉಳಿದರ್ಧಕ್ಕೆ ಬಿಜಾಗರಿ ಹಾಕಿಸಿ ಮುಚ್ಚಳ ಮಾಡಿಸಿದ್ದೆ. ಮಳೆಗೆ ಬೂದಿ ತೋಯದಿರಲಿ ಎಂದು ಮುಚ್ಚುವುದನ್ನು ಬಿಟ್ಟರೆ ಆ ಮುಚ್ಚಳಕ್ಕೆ ಬೇರೆ ಕೆಲಸವಿರಲಿಲ್ಲ. ತೆಂಗಿನ ಕರಟದಿಂದ ಬೆಂಕಿ ಹಚ್ಚಿ, ಜಾಲಿ ಇದ್ದಿಲು ಸುರಿದು, ಕೆಂಡದ ಮೇಲೆ ಬಿಳಿ ಬೂದಿ ಸಣ್ಣಗೆ ಕೂರುವವರೆಗೆ ಕಾಯುವುದು. ಆಮೇಲೆ ಕೋಳಿಯ ಕಾಲು, ಸರಳಿಗೆ ಚುಚ್ಚಿದ ಖೀಮಾ, ಈರುಳ್ಳಿ, ಮೆಕ್ಕೆಜೋಳದ ತೆನೆ, ಅಂಕೋಲಾದಿಂದ ಯಾರಾದರೂ ಬರುವಾಗ ತಂದರೆ ಬಂಗಡೆ. ಎಲ್ಲವೂ ಇಪ್ಪತ್ತು, ಇಪ್ಪತ್ತೈದು ನಿಮಿಷದ ಅಡುಗೆ. ಬಂದವರು ಸುತ್ತ ನಿಂತಿರುತ್ತಾರೆ, ಬೆಂದದ್ದು ಬೆಂದ ಹಾಗೆ ಕೈಗೆ ಹೋಗುತ್ತದೆ.

ನನಗೆ ಬೆಂಕಿಯ ಪಾಠವಾದದ್ದು ಸೀತನಿಯಿಂದ. ಅಣ್ಣಿಗೇರಿಯ ಕಡೆ ನಮ್ಮ ಎರೆಹೊಲ. ಹಿಂಗಾರಿ ಜೋಳದ ತೆನೆಯಲ್ಲಿ ಹಾಲು ತುಂಬಿ ಕಾಳು ಇನ್ನೂ ಹಸಿರಾಗಿರುವ ಕೆಲವೇ ದಿನಗಳಲ್ಲಿ ಅಪ್ಪ ಹೊಲದ ಬದುವಿನಲ್ಲಿ ಮೊಣಕಾಲು ಆಳದ ಗುಂಡಿ ತೋಡಿ, ಕುಳ್ಳು ಪೇರಿಸಿ ಉರಿ ಹಚ್ಚುತ್ತಿದ್ದರು. ಉರಿ ಇಳಿದು ಕೆಂಡವಾದ ಮೇಲೆ ತೆನೆಗಳ ತಲೆ ಮಾತ್ರ ಒಳಗೆ, ದಂಟು ಹೊರಗೆ. ದಂಟನ್ನು ಬೆರಳಿನಲ್ಲಿ ಹಿಡಿದು ತಿರುಗಿಸುತ್ತಲೇ ಇರಬೇಕು. ಅರ್ಧ ನಿಮಿಷ ಮರೆತರೆ ಒಂದು ಮಗ್ಗುಲು ಕರಿಯಾಗುತ್ತದೆ. ಬಿಸಿ ಬಿಸಿ ಇರುವಾಗಲೇ ಗೋಣಿತಟ್ಟಿನ ಮೇಲೆ ತಿಕ್ಕಿ, ಮೊರದಲ್ಲಿ ಹೊಟ್ಟು ಹಾರಿಸಿ, ಶೇಂಗಾ ಚಟ್ನಿಪುಡಿ ಮತ್ತು ಬೆಲ್ಲದ ಜೊತೆ ತಿನ್ನುವುದು. ಅಪ್ಪ ಕೆಂಡದ ಮೇಲೆ ಅಂಗೈ ಹಿಡಿದು ಎಣಿಸುತ್ತಿದ್ದರು. ನಾಲ್ಕು ಎನ್ನುವಷ್ಟರಲ್ಲಿ ಕೈ ತಾನಾಗಿ ಹಿಂದೆ ಬಂದರೆ ಹದ. ನಾನು ಇವತ್ತಿಗೂ ಡ್ರಮ್ಮಿನ ಮೇಲೆ ಹಾಗೆಯೇ ಎಣಿಸುತ್ತೇನೆ.

ಗೆಳೆಯರ ಗ್ರಿಲ್ಲಿಗೆ ಎಣಿಸುವ ಕೈ ಬೇಡ. ಪಕ್ಕದಲ್ಲಿ ಒಂದು ಪೆಟ್ಟಿಗೆ ಇದೆ, ಅದರೊಳಗೆ ಪೆಲೆಟ್ ಸುರಿಯಬೇಕು. ಪೆಲೆಟ್ ಎಂದರೆ ಮರದ ಹೊಟ್ಟನ್ನು ಭಾರಿ ಒತ್ತಡದಲ್ಲಿ ಒತ್ತಿ ಮಾಡಿದ ಕಡ್ಡಿಯ ತುಂಡುಗಳು, ದಪ್ಪ ಸುಮಾರು 6 ಮಿಲಿಮೀಟರ್. ಅಂಟು ಏನೂ ಹಾಕಿರುವುದಿಲ್ಲ. ಒತ್ತುವಾಗ ಏಳುವ ಶಾಖಕ್ಕೆ ಮರದೊಳಗಿನ ಲಿಗ್ನಿನ್ ಮೆತ್ತಗಾಗಿ, ಆರಿದಾಗ ಹೊಟ್ಟನ್ನು ಹಿಡಿದಿಡುತ್ತದೆ. ಪೆಟ್ಟಿಗೆಯ ಕೆಳಗೆ ತಿರುಪಿನಂಥ ಉದ್ದನೆಯ ಸರಳು ತಿರುಗುತ್ತ ಪೆಲೆಟ್‌ಗಳನ್ನು ಒಂದು ಸಣ್ಣ ಕಬ್ಬಿಣದ ಬಟ್ಟಲಿಗೆ ತಳ್ಳುತ್ತದೆ. ಅಲ್ಲಿ ಕಾದು ಕೆಂಪಾಗುವ ಸಲಾಕೆಯೊಂದು ಬೆಂಕಿ ಹೊತ್ತಿಸುತ್ತದೆ, ಫ್ಯಾನ್ ಗಾಳಿ ಊದುತ್ತದೆ. ಬಟ್ಟಲಿನ ಮೇಲೆ ಉಕ್ಕಿನ ತಗಡು, ಅದರ ಮೇಲೆ ಎಣ್ಣೆ ಇಳಿಯುವ ತಟ್ಟೆ, ಅದರ ಮೇಲೆ ಜಾಳಿಗೆ. ಒಳಗಿನ ಶಾಖವನ್ನು ಒಂದು ಕಡ್ಡಿ ಅಳೆಯುತ್ತಿರುತ್ತದೆ. ಶಾಖ ಇಳಿದರೆ ತಿರುಪು ಹೆಚ್ಚು ತಿರುಗುತ್ತದೆ, ಏರಿದರೆ ನಿಲ್ಲುತ್ತದೆ. ನೀವು 110 ಡಿಗ್ರಿ ಸೆಲ್ಸಿಯಸ್ ಎಂದು ಒತ್ತಿಟ್ಟರೆ ಸಂಜೆಯವರೆಗೂ ಅದರ ಆಸುಪಾಸಿನಲ್ಲಿ ನಿಂತಿರುತ್ತದೆ.

ಈ ಗ್ರಿಲ್ ಹುಟ್ಟಿದ್ದು ಅಮೆರಿಕದ ಒರೆಗಾನ್ ರಾಜ್ಯದ ಮೌಂಟ್ ಏಂಜೆಲ್ ಎಂಬ ಚಿಕ್ಕ ಊರಿನಲ್ಲಿ. ಅದು ಮರದ ಮಿಲ್ಲುಗಳ ಸೀಮೆ. 1970ರ ದಶಕದಲ್ಲಿ ಕಚ್ಚಾ ತೈಲದ ಬೆಲೆ ಏರಿದ ಮೇಲೆ ಮಿಲ್ಲಿನ ಹೊಟ್ಟನ್ನು ಪೆಲೆಟ್ ಮಾಡಿ ಉರಿಸುವುದು ಅಲ್ಲಿ ಹೆಚ್ಚಿತು. ಮನೆ ಬೆಚ್ಚಗಿಡುವ ಒಲೆಗಳ ವ್ಯವಹಾರದಲ್ಲಿದ್ದ ಜೋ ಟ್ರೇಗರ್ ಅದೇ ಬೆಂಕಿಯನ್ನು ಅಡುಗೆಗೆ ತಂದು 1986ರಲ್ಲಿ ಪೇಟೆಂಟ್ ಪಡೆದರು. ಇಪ್ಪತ್ತು ವರ್ಷದ ನಂತರ ಪೇಟೆಂಟ್ ಮುಗಿದಾಗ ಬೇರೆ ಕಂಪನಿಗಳೂ ಮಾಡಲು ಶುರುಮಾಡಿದವು. ಚಳಿ ದೇಶದ ಕೋಣೆ ಬಿಸಿ ಮಾಡುವ ಒಲೆ ಇದರ ಅಜ್ಜ ಎಂಬುದನ್ನು ನೆನಪಿಟ್ಟರೆ ಇದರ ಸ್ವಭಾವ ಬೇಗ ತಿಳಿಯುತ್ತದೆ. ಒಂದೇ ಹದದ ಶಾಖವನ್ನು ಗಂಟೆಗಟ್ಟಲೆ ಕಾಯುವುದು ಇದರ ಹುಟ್ಟುಗುಣ.

ಮೊದಲ ರವಿವಾರ ಕೋಳಿ ಮಾಡಿದೆ. ಹೋಲಿಸಬೇಕೆಂದೇ ಒಂದೇ ಪಾತ್ರೆಯ ಮಸಾಲೆಯಲ್ಲಿ ನೆನೆಸಿದ ಹನ್ನೆರಡು ಕಾಲುಗಳಲ್ಲಿ ಆರನ್ನು ಡ್ರಮ್ಮಿನ ಮೇಲೆ, ಆರನ್ನು ಗ್ರಿಲ್ಲಿನಲ್ಲಿ 200 ಡಿಗ್ರಿಗೆ ಇಟ್ಟೆ. ಡ್ರಮ್ಮಿನವು ಇಪ್ಪತ್ತೈದು ನಿಮಿಷಕ್ಕೆ ಇಳಿದವು, ಗ್ರಿಲ್ಲಿನವು ಮುಕ್ಕಾಲು ಗಂಟೆ ತೆಗೆದುಕೊಂಡವು. ಗ್ರಿಲ್ಲಿನ ಕೋಳಿ ನೋಡಲು ಬಹಳ ಚೆಂದ. ಒಂದು ಕಡೆ ಹಸಿ, ಒಂದು ಕಡೆ ಕರಿ ಎಂಬುದಿಲ್ಲ. ಆರಕ್ಕೆ ಆರೂ ಒಂದೇ ಬಣ್ಣ, ಮುರಿದರೆ ರಸ ಇಳಿಯುತ್ತಿತ್ತು. ಅವ್ವ ಎರಡೂ ತಟ್ಟೆಯಿಂದ ಒಂದೊಂದು ತಿಂದು, ಗ್ರಿಲ್ಲಿನದನ್ನು ತೋರಿಸಿ, “ಇದು ಚೆನ್ನಾಗಿ ಬೆಂದಿದೆ. ಆದರೆ ಸುಟ್ಟದ್ದಲ್ಲ” ಎಂದಳು.

ಅವ್ವ ಹೇಳಿದ ಆ ಒಂದು ಮಾತು ಮೂರು ವಾರವೂ ನನ್ನ ತಲೆಯಲ್ಲಿತ್ತು. ನಾವು ಬೇಯಿಸುವುದೇ ಬೇರೆ, ಸುಡುವುದೇ ಬೇರೆ. ಬದನೆಕಾಯಿಯನ್ನು ಕೆಂಡದಲ್ಲಿಟ್ಟರೆ ಸುಟ್ಟ ಬದನೆಕಾಯಿ; ಅದೇ ಬದನೆಕಾಯಿಯನ್ನು ಪಾತ್ರೆಯಲ್ಲಿಟ್ಟರೆ ಬೇಯಿಸಿದ್ದು. ಅಮೆರಿಕದವರೂ ಹೀಗೆಯೇ ಎರಡು ಮಾಡುತ್ತಾರೆ. ನೇರ ಬೆಂಕಿಯ ಮೇಲೆ ಬೇಗ ಸುಡುವುದು ಅವರಿಗೆ ಗ್ರಿಲ್ಲಿಂಗ್. ಮುಚ್ಚಿದ ಪೆಟ್ಟಿಗೆಯಲ್ಲಿ ಹೊಗೆಯ ಜೊತೆ ಹತ್ತು ಹನ್ನೆರಡು ಗಂಟೆ ನಿಧಾನವಾಗಿ ಬೇಯಿಸುವುದು ಬಾರ್ಬೆಕ್ಯೂ. ನಾವು ಇಲ್ಲಿ ಬಾರ್ಬೆಕ್ಯೂ ಎಂದು ಕರೆಯುವುದು ಬಹುಮಟ್ಟಿಗೆ ಅವರ ಗ್ರಿಲ್ಲಿಂಗ್. ಪೆಲೆಟ್ ಗ್ರಿಲ್ಲಿನ ಹೆಸರಿನಲ್ಲಿ ಗ್ರಿಲ್ ಇದ್ದರೂ ಅದು ಬಲ್ಲದ್ದು ಎರಡನೆಯ ಕೆಲಸವನ್ನು. ಹೆಸರು ನೋಡಿ ದುಡ್ಡು ಕೊಟ್ಟವರಿಗೆ ಮೊದಲ ದಿನವೇ ಬೇಸರವಾಗುವುದು ಇದರಿಂದಲೇ ಎಂದು ನನಗೆ ಅನಿಸುತ್ತದೆ.

ಕೋಳಿಯಲ್ಲಿ ಕಳೆದುಹೋದದ್ದೇನು ಎಂದು ಆ ರಾತ್ರಿ ಡ್ರಮ್ಮಿನ ಬೂದಿ ಕೆದಕುತ್ತ ಯೋಚಿಸಿದೆ. ಇದ್ದಿಲಿನಲ್ಲಿ ಮರದ ವಾಸನೆ ಹೆಚ್ಚು ಉಳಿದಿರುವುದಿಲ್ಲ; ಸುಟ್ಟು ಇದ್ದಿಲು ಮಾಡುವಾಗಲೇ ಅದು ಹೋಗಿರುತ್ತದೆ. ಕೆಂಡದ ರುಚಿ ಎಂದು ನಾವು ಕರೆಯುವುದು ಹುಟ್ಟುವುದು ಬೇರೆ ಕಡೆಯಿಂದ. ಕೋಳಿಯ ಕೊಬ್ಬು, ಮಸಾಲೆಯ ಎಣ್ಣೆ ಹನಿಹನಿಯಾಗಿ ಕೆಂಡಕ್ಕೆ ಬಿದ್ದು ಚುರ್ ಎಂದು ಹೊಗೆಯಾಗಿ ಮೇಲೆದ್ದು ಅದೇ ಕೋಳಿಗೆ ಹತ್ತುತ್ತದೆ. ಜೊತೆಗೆ ಕೆಂಪು ಕೆಂಡದಿಂದ ನೇರವಾಗಿ ಚಿಮ್ಮುವ ಶಾಖ ಚರ್ಮವನ್ನು ಅಲ್ಲಲ್ಲಿ ಕರಿಯಾಗಿಸುತ್ತದೆ. ಪೆಲೆಟ್ ಗ್ರಿಲ್ಲಿನಲ್ಲಿ ಕೊಬ್ಬಿಗೂ ಬೆಂಕಿಗೂ ಭೇಟಿಯೇ ಇಲ್ಲ. ತಟ್ಟೆಯ ಮೇಲೆ ಬಿದ್ದ ಹನಿ ಇಳಿಜಾರಿನಲ್ಲಿ ಹರಿದು ಹೊರಗೆ ನೇತುಹಾಕಿದ ಡಬ್ಬಿ ಸೇರುತ್ತದೆ. ಮಾಂಸಕ್ಕೆ ತಾಗುವುದು ಫ್ಯಾನ್ ಓಡಿಸುವ ಬಿಸಿ ಗಾಳಿ ಮತ್ತು ಪೆಲೆಟ್ಟಿನ ತಿಳಿ ಹೊಗೆ. ಫ್ಯಾನ್ ಇರುವುದರಿಂದ ಮರ ಚೊಕ್ಕಟವಾಗಿ ಉರಿಯುತ್ತದೆ, ಚೊಕ್ಕಟವಾಗಿ ಉರಿದಷ್ಟೂ ಹೊಗೆ ಕಡಿಮೆ. ಶಾಖ ಏರಿಸಿದರಂತೂ ಹೊಗೆ ಹೆಸರಿಗಷ್ಟೇ. ಹೊಗೆಯ ರುಚಿ ಬೇಕೆಂದರೆ ಶಾಖ ಇಳಿಸಿ ಹೊತ್ತು ಹೆಚ್ಚಿಸಬೇಕು.

ಹಾಗೆಂದು ಎರಡನೆಯ ರವಿವಾರ ಹೊತ್ತು ಹೆಚ್ಚಿಸಿದೆ.

ಎರಡೂಕಾಲು ಕಿಲೋದ ಆಡಿನ ಹಿಂದೊಡೆ. ಹಿಂದಿನ ರಾತ್ರಿಯೇ ಉಪ್ಪು, ಬೆಳ್ಳುಳ್ಳಿ, ನೆನೆಸಿ ರುಬ್ಬಿದ ಬ್ಯಾಡಗಿ ಮೆಣಸಿನಕಾಯಿ ಹಚ್ಚಿಟ್ಟಿದ್ದೆ. ಮೆಣಸಿನಕಾಯಿ ಡಬ್ಬಿ ಜಾತಿಯದು, ಹಾವೇರಿಯಿಂದ ಬಂದದ್ದು. ಬೆಳಗ್ಗೆ ಏಳಕ್ಕೆ 115 ಡಿಗ್ರಿಗೆ ಇಟ್ಟು, ತೊಡೆಯೊಳಗೆ ಶಾಖಮಾಪಕದ ಕಡ್ಡಿ ಚುಚ್ಚಿ ಮುಚ್ಚಳ ಹಾಕಿದೆ. ಹೊರಗೆ ಜಿಟಿಜಿಟಿ ಮಳೆ. ಗ್ರಿಲ್ಲನ್ನು ಪಡಸಾಲೆಗೆ ಎಳೆದುಕೊಳ್ಳೋಣ ಎಂದು ಮಗ ಹೇಳಿದ, ನಾನು ಒಪ್ಪಲಿಲ್ಲ. ಉರಿಯುವ ಮರ, ಇದ್ದಿಲು ಯಾವುದೇ ಇರಲಿ, ಗೋಡೆಗಳ ನಡುವೆ ಕಾರ್ಬನ್ ಮೊನಾಕ್ಸೈಡ್ ತುಂಬಿದರೆ ಅದಕ್ಕೆ ವಾಸನೆಯೂ ಇರುವುದಿಲ್ಲ, ಎಚ್ಚರಿಕೆಯೂ ಇರುವುದಿಲ್ಲ. ನಾಲ್ಕು ಬಿದಿರು ನೆಟ್ಟು ತಗಡು ಹೊದಿಸಿ ಅದರಡಿ ನಿಲ್ಲಿಸಿದೆವು. ಆಮೇಲೆ ನಾನು ಸಂತೆಗೆ ಹೋಗಿ ಬಂದೆ, ಸ್ನಾನ ಮಾಡಿದೆ, ಪತ್ರಿಕೆ ಓದಿದೆ. ಬೆಂಕಿ ಹೊತ್ತಿಸಿಟ್ಟು ಮನೆ ಬಿಟ್ಟು ಹೋಗಿ ಬಂದದ್ದು ಜೀವನದಲ್ಲಿ ಅದೇ ಮೊದಲು.

ಹತ್ತು ಗಂಟೆಯ ಹೊತ್ತಿಗೆ ಮಾಂಸದ ಒಳಗಿನ ಶಾಖ 68 ಡಿಗ್ರಿಗೆ ಬಂದು ನಿಂತುಬಿಟ್ಟಿತು. ಹನ್ನೊಂದೂವರೆಗೂ 69. ಗ್ರಿಲ್ ಕೆಟ್ಟಿತೇ ಎಂದು ನನಗೆ ಗಾಬರಿಯಾಯಿತು. ಕೆಟ್ಟಿರಲಿಲ್ಲ. ಮಾಂಸ ಬಿಸಿಯಾದಂತೆ ಅದರ ಮೈಯಿಂದ ತೇವ ಆವಿಯಾಗುತ್ತದೆ, ಆವಿ ಹೋಗುವಾಗ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಕೊಡದ ನೀರು ತಣ್ಣಗಾಗುವುದೂ ಇದರಿಂದಲೇ. ಮೈ ಒಣಗುವವರೆಗೆ ಕಾಯಬೇಕು, ಇಲ್ಲವೇ ಸುತ್ತಿ ಮುಚ್ಚಬೇಕು. ನಾನು ಬಾಳೆಎಲೆಯಲ್ಲಿ ಸುತ್ತಿ ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿದೆ. ಶಾಖ ಮತ್ತೆ ಏರತೊಡಗಿತು. ಎರಡು ಗಂಟೆಗೆ 92 ಡಿಗ್ರಿ. ಅಷ್ಟು ಹೊತ್ತಿನಲ್ಲಿ ಕೀಲಿನ ಸುತ್ತಲಿನ ಗಟ್ಟಿ ನರಗಳಲ್ಲಿರುವ ಕೊಲ್ಯಾಜನ್ ಕರಗಿ ಜೆಲಟಿನ್ ಆಗಿರುತ್ತದೆ.

ಸುತ್ತು ಬಿಚ್ಚಿದಾಗ ಬ್ಯಾಡಗಿಯ ಕೆಂಪು ಹಾಗೆಯೇ ಇತ್ತು. ಡ್ರಮ್ಮಿನ ಮೇಲೆ ಈ ಮೆಣಸಿನಕಾಯಿಯನ್ನು ಕಾಪಾಡುವುದು ಬಹಳ ಕಷ್ಟ. ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು ಅದು, ಕೆಂಡದ ಶಾಖಕ್ಕೆ ಎರಡು ನಿಮಿಷದಲ್ಲಿ ಕಪ್ಪಾಗಿ ಕಹಿಯಾಗುತ್ತದೆ. ಇಲ್ಲಿ ಏಳು ಗಂಟೆ ಕಳೆದರೂ ಕುಂಕುಮದ ಮೇಲೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಮೂಳೆಯನ್ನು ಹಿಡಿದು ಮೆಲ್ಲಗೆ ತಿರುಗಿಸಿದೆ, ಮಾಂಸವನ್ನೆಲ್ಲ ತಟ್ಟೆಯಲ್ಲೇ ಬಿಟ್ಟು ಬರಿಯ ಮೂಳೆ ಕೈಗೆ ಬಂತು. ಆ ದಿನ ನಮ್ಮ ಕಾಕಾ ಊಟಕ್ಕೆ ಬಂದಿದ್ದರು. ಅವರಿಗೆ ಎಪ್ಪತ್ತೆಂಟು, ಬಾಯಿಯಲ್ಲಿ ಹಲ್ಲಿಲ್ಲ. ನನ್ನ ಡ್ರಮ್ಮಿನ ಅಡುಗೆಗೆ ವರ್ಷಗಳಿಂದ ಬರುತ್ತಾರೆ, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಂಡು ತಿಂದು ಏಳುತ್ತಾರೆ. ಅವತ್ತು ಮೂರು ಸಲ ಕೇಳಿ ಹಾಕಿಸಿಕೊಂಡರು. “ತೊಡೆಯ ಮಾಂಸ ತಿಂದು ಆರು ವರ್ಷವಾಗಿತ್ತು” ಎಂದರು. ಆ ಸಂಜೆ ನಾನು ಗ್ರಿಲ್ಲನ್ನು ಇಟ್ಟುಕೊಳ್ಳುವುದೆಂದು ಹೆಚ್ಚುಕಡಿಮೆ ನಿರ್ಧರಿಸಿಬಿಟ್ಟಿದ್ದೆ.

ಆದರೆ ಅದೇ ಕಾಕಾ ಹೊರಡುವಾಗ ಬಾಗಿಲಲ್ಲಿ ನಿಂತು, “ಬೆಟಗೇರಿಯ ಸಾವಜಿ ಖಾನಾವಳಿಯಲ್ಲಿ ಮೊದಲು ಹೀಗೆಯೇ ಮೆತ್ತಗೆ ತಿಂದಿದ್ದೆ” ಎಂದು ಹೇಳಿ ಹೋದರು. ಅವರು ಸಹಜವಾಗಿ ಹೇಳಿದ್ದು. ನನಗೆ ಅದು ಬಿಡಲಿಲ್ಲ. ಗಟ್ಟಿ ಮಾಂಸವನ್ನು ಮೆತ್ತಗೆ ಮಾಡುವುದು ಎಲ್ಲ ನಾಡಿನ ಅಡುಗೆಯವರಿಗೂ ಎದುರಾದ ಕೆಲಸ. ಟೆಕ್ಸಾಸಿನವರು ಅದನ್ನು ಹೊಗೆಯ ಪೆಟ್ಟಿಗೆಯಲ್ಲಿ ಮಾಡಿದರು. ನಮ್ಮ ಹುಬ್ಬಳ್ಳಿ, ಗದಗ, ಬೆಟಗೇರಿಯ ಸಾವಜಿ ಮನೆಗಳವರು ಒಣಕೊಬ್ಬರಿ, ಗಸಗಸೆ, ಮೆಣಸಿನಕಾಯಿಯ ಮಸಾಲೆಯಲ್ಲಿ, ಪಾತ್ರೆಯೊಳಗೆ, ಸಣ್ಣ ಉರಿಯಲ್ಲಿ ಮಾಡಿದರು. ನಿಧಾನದ ಅಡುಗೆಗೆ ನಮ್ಮಲ್ಲಿ ಪಾತ್ರೆ ಇದೆ, ಬೇಗದ ಅಡುಗೆಗೆ ಕೆಂಡ ಇದೆ. ಪೆಲೆಟ್ ಗ್ರಿಲ್ ಬಂದು ಕೂರುವ ಜಾಗದಲ್ಲಿ ಸಾವಜಿ ಪಾತ್ರೆ ಮೊದಲೇ ಕೂತಿದೆ. ಆ ಪಾತ್ರೆ ಕೊಡಲಾರದ್ದು ಹೊಗೆಯ ರುಚಿಯೊಂದೇ. ಅದಕ್ಕೆ ನಾನು ಎಷ್ಟು ಬೆಲೆ ಕೊಡುತ್ತೇನೆ, ವರ್ಷದಲ್ಲಿ ಎಷ್ಟು ಸಲ ಅದು ಬೇಕೆನಿಸುತ್ತದೆ ಎಂದು ಕೇಳಿಕೊಂಡೆ. ಪ್ರಾಮಾಣಿಕವಾಗಿ ಹೇಳಿದರೆ ಮೂರು ಅಥವಾ ನಾಲ್ಕು ಸಲ.

ಆ ಹೊಗೆಯ ಮರದ ಬಗ್ಗೆಯೂ ಒಂದು ಮಾತು ಹೇಳಬೇಕು. ಗೆಳೆಯರು ಕೊಟ್ಟ ಚೀಲದ ಮೇಲೆ ಮೆಸ್ಕೀಟ್ ಎಂದು ಬರೆದಿತ್ತು. ಟೆಕ್ಸಾಸಿನಲ್ಲಿ ಬಾರ್ಬೆಕ್ಯೂಗೆ ಬಹಳ ಬೇಡಿಕೆಯ ಮರ ಅದು. ಅದರ ಹತ್ತಿರದ ಬಂಧು ನಮ್ಮ ಬಳ್ಳಾರಿ ಜಾಲಿ. ಎರಡೂ ಪ್ರೊಸೊಪಿಸ್ ಎಂಬ ಒಂದೇ ಕುಲದವು ಎಂದು ಸಸ್ಯಶಾಸ್ತ್ರದ ಪುಸ್ತಕಗಳಲ್ಲಿದೆ. ಬಳ್ಳಾರಿ ಜಾಲಿಯೂ ಅಮೆರಿಕ ಖಂಡದಿಂದಲೇ ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂದು ಬೇರುಬಿಟ್ಟದ್ದು. ಅಣ್ಣಿಗೇರಿಯಿಂದ ಗದಗಿಗೆ ಹೋಗುವ ದಾರಿಯ ಬದಿಯಲ್ಲಿ ಬೇಡವೆಂದರೂ ಬೆಳೆಯುತ್ತದೆ. ನನ್ನ ಡ್ರಮ್ಮಿಗೆ ಒಣಗಿದ ಜಾಲಿ ತುಂಡು ಎರಡು ಹಾಕಿದಾಗ ಏಳುವ ಹೊಗೆಗೂ ಆ ಚೀಲದ ಹೊಗೆಗೂ ಇರುವ ನಂಟು ಮೂಗಿಗೆ ಗೊತ್ತಾಗುತ್ತದೆ. ನಮ್ಮದು ಇನ್ನೂ ಗಡುಸು. ಪೇರಲ ಮರದ ಹೊಗೆ ಇದಕ್ಕಿಂತ ಮೃದು, ಕೋಳಿಗೆ ಚೆನ್ನಾಗಿ ಹೊಂದುತ್ತದೆ. ಧಾರವಾಡದ ಸುತ್ತ ಪೇರಲ ತೋಟಗಳಲ್ಲಿ ಟೊಂಗೆ ಕತ್ತರಿಸುವ ಕಾಲಕ್ಕೆ ಹೋದರೆ ಒಂದು ಹೊರೆ ಸಿಗುತ್ತದೆ. ಅಂಗಡಿಯ ಪೆಲೆಟ್ ಚೀಲದ ಮೇಲೆ ಸೇಬು, ಚೆರ್ರಿ ಎಂದು ಬರೆದಿದ್ದರೂ ಎಷ್ಟೋ ಸಲ ಒಳಗೆ ಓಕ್ ಅಥವಾ ಆಲ್ಡರ್ ಮರವೇ ಹೆಚ್ಚಾಗಿರುತ್ತದೆ, ಹೆಸರಿನ ಮರ ಸ್ವಲ್ಪ.

ಪೆಲೆಟ್ ಎಲ್ಲಿಂದ ತರುವುದು ಎಂಬುದೇ ನಮ್ಮ ಕಡೆಯವರು ಮೊದಲು ಕೇಳಬೇಕಾದ ಪ್ರಶ್ನೆ. ಕಡಿಮೆ ಶಾಖದಲ್ಲಿ ಗಂಟೆಗೆ ಅರ್ಧ ಕಿಲೋದಿಂದ ಒಂದು ಕಿಲೋದವರೆಗೆ ಉರಿಯುತ್ತದೆ, ಶಾಖ ಏರಿಸಿದರೆ ಅದಕ್ಕೂ ಹೆಚ್ಚು. ಒಂಬತ್ತು ಕಿಲೋದ ಚೀಲವೊಂದು ಎರಡು ತೊಡೆಗೆ ಸರಿಹೋಗುತ್ತದೆ. ಅಡುಗೆಗೆಂದೇ ಮಾಡಿದ ಪೆಲೆಟ್ ನಮ್ಮೂರ ಅಂಗಡಿಯಲ್ಲಿ ನನಗೆ ಸಿಗಲಿಲ್ಲ, ತರಿಸಿಕೊಳ್ಳಬೇಕು. ಕಾರ್ಖಾನೆಯ ಬಾಯ್ಲರಿಗೆ ಮಾರುವ ಪೆಲೆಟ್ ಅಗ್ಗವಾಗಿ ಸಿಗುತ್ತದೆ. ದಯವಿಟ್ಟು ಅದನ್ನು ಅಡುಗೆಗೆ ಹಾಕಬೇಡಿ. ಶೇಂಗಾ ಸಿಪ್ಪೆ, ಕಬ್ಬಿನ ಸಿಪ್ಪೆ, ಮರದ ಹೊಟ್ಟು ಯಾವುದರಿಂದಲೂ ಅದನ್ನು ಮಾಡಿರಬಹುದು. ಹೊಟ್ಟಿನಲ್ಲಿ ಪ್ಲೈವುಡ್ಡಿನ ಅಂಟು, ಬಣ್ಣ ಬಳಿದ ಮರ ಸೇರಿದೆಯೋ ಇಲ್ಲವೋ ಯಾರೂ ಹೇಳುವುದಿಲ್ಲ. ಆ ಹೊಗೆ ನೇರವಾಗಿ ನಿಮ್ಮ ಮಕ್ಕಳ ತಟ್ಟೆಗೆ ಬರುತ್ತದೆ.

ಎರಡನೆಯ ವಾರದ ನಡುವೆ ನಾನೇ ಮಾಡಿದ ಒಂದು ತಪ್ಪನ್ನೂ ಬರೆಯುತ್ತೇನೆ. ಪೆಟ್ಟಿಗೆಯಲ್ಲಿ ಉಳಿದ ಪೆಲೆಟ್ ಹಾಗೆಯೇ ಬಿಟ್ಟಿದ್ದೆ. ನಾಲ್ಕು ದಿನ ಮಳೆ ಬಿಡಲಿಲ್ಲ. ತಗಡಿನ ಮಾಡು ಇತ್ತು, ಆದರೆ ಧಾರವಾಡದ ಆಷಾಢದ ಗಾಳಿಯೇ ಒದ್ದೆ. ಗುರುವಾರ ಮುಚ್ಚಳ ತೆಗೆದು ಕೈಹಾಕಿದರೆ, ರವಿವಾರ ಸೀಮೆಸುಣ್ಣದ ಹಾಗೆ ಚಟ್ಟನೆ ಮುರಿಯುತ್ತಿದ್ದ ಕಡ್ಡಿ ಬೆರಳಿನ ನಡುವೆ ಹಿಟ್ಟಾಯಿತು. ಕೆಳಗೆ ತಿರುಪಿನ ಸುತ್ತ ಹೊಟ್ಟು ಉಬ್ಬಿ ಗಟ್ಟಿಯಾಗಿ ಕೂತಿತ್ತು. ತಿರುಪನ್ನು ಬಿಚ್ಚಿ, ಚಮಚದಲ್ಲಿ ಕೆರೆದು, ಕೊಳವೆ ಒರೆಸಿ ಮತ್ತೆ ಕೂಡಿಸುವಷ್ಟರಲ್ಲಿ ಅರ್ಧ ದಿನ ಹೋಯಿತು. ಮೂರು ಕಿಲೋ ಪೆಲೆಟ್ ಹೊಟ್ಟಾಗಿ ಬಕೆಟ್ಟಿಗೆ ಬಂತು. ಇಲ್ಲಿ ಈ ಗ್ರಿಲ್ ಇಟ್ಟುಕೊಳ್ಳುವವರು ಜೂನಿನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಅಡುಗೆಯ ನಂತರ ಪೆಟ್ಟಿಗೆ ಬರಿದು ಮಾಡಿ, ಪೆಲೆಟ್ಟನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಮನೆಯೊಳಗೆ ಇಡಬೇಕು. ಹಪ್ಪಳ ಸಂಡಿಗೆಗೆ ತೋರಿಸುವಷ್ಟೇ ಕಾಳಜಿ ಇದಕ್ಕೂ ಬೇಕು.

ಮೂರನೆಯ ರವಿವಾರ ಕಾಕಾ ಮತ್ತೆ ಬರುವವರಿದ್ದರು, ಜೊತೆಗೆ ಅವರ ಮಗಳ ಮನೆಯವರು. ಮತ್ತೊಂದು ತೊಡೆ, ಮತ್ತೆ ಬೆಳಗ್ಗೆ ಏಳಕ್ಕೆ. ಒಂಬತ್ತೂಮುಕ್ಕಾಲಿಗೆ ಕರೆಂಟ್ ಹೋಯಿತು.

ಪೆಲೆಟ್ ಗ್ರಿಲ್ಲಿನಲ್ಲಿ ಉರಿಯುವುದು ಮರವಾದರೂ ಅದನ್ನು ಉರಿಸುವುದು ವಿದ್ಯುತ್ತು. ಕರೆಂಟ್ ಹೋದ ಕೂಡಲೇ ಫ್ಯಾನ್ ನಿಂತಿತು, ತಿರುಪು ನಿಂತಿತು. ಬಟ್ಟಲಿನಲ್ಲಿದ್ದ ಪೆಲೆಟ್ ಗಾಳಿಯಿಲ್ಲದೆ ಹೊಗೆಯಾಡತೊಡಗಿತು, ದಟ್ಟ ಹಳದಿ ಹೊಗೆ. ಇಂಥ ಹೊತ್ತಿನಲ್ಲಿ ಬೆಂಕಿ ತಿರುಪಿನ ಕೊಳವೆಯಲ್ಲಿ ಹಿಂದಕ್ಕೆ ಸರಿದು ಪೆಟ್ಟಿಗೆಯ ಪೆಲೆಟ್ಟಿಗೆ ತಾಗುವ ಅಪಾಯವೂ ಇದೆ. ಕರೆಂಟ್ ಬಂದಾಗ ಅವಸರದಲ್ಲಿ ಮತ್ತೆ ಹೊತ್ತಿಸಿದರೆ, ಉರಿಯದೆ ಉಳಿದ ಪೆಲೆಟ್ಟಿನ ಮೇಲೆ ಹೊಸದು ಬಿದ್ದು ಒಮ್ಮೆಲೇ ಭಗ್ಗನೆ ಎದ್ದು ಮುಚ್ಚಳ ಹಾರುವುದುಂಟು. ಆರಿಸಿ, ಬಟ್ಟಲು ಬರಿದು ಮಾಡಿಯೇ ಮತ್ತೆ ಶುರುಮಾಡಬೇಕು. ನಮ್ಮ ಮನೆಯ ಇನ್ವರ್ಟರಿಗೆ ಮೊದಲೇ ಹಚ್ಚಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಹೊತ್ತಿಸುವ ಸಲಾಕೆಗೆ ಮೊದಲ ಕೆಲವು ನಿಮಿಷ ಮುನ್ನೂರು ವಾಟ್‌ವರೆಗೆ ಬೇಕು; ಆಮೇಲೆ ಫ್ಯಾನ್ ಮತ್ತು ಮೋಟಾರಿಗೆ ಒಂದು ಹಳೆಯ ಬಲ್ಬಿನಷ್ಟು ಸಾಕು. ಆದರೆ ಗೆಳೆಯರ ಗ್ರಿಲ್ ಅಮೆರಿಕದ 120 ವೋಲ್ಟಿನದು, ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಮೂಲಕ ನಡೆಯುವಂಥದ್ದು. ಆ ಭಾರದ ಪೆಟ್ಟಿಗೆ, ಮಳೆಯ ಅಂಗಳ, ಉದ್ದನೆಯ ವೈರು ಎಲ್ಲ ಸೇರಿ ನಾನು ಇನ್ವರ್ಟರಿನ ಗೋಜಿಗೆ ಹೋಗಿರಲಿಲ್ಲ.

ಮಾಂಸ ಆಗ 60 ಡಿಗ್ರಿಯಲ್ಲಿತ್ತು. ಅರೆಬೆಂದ ಮಾಂಸವನ್ನು ಕರೆಂಟಿನ ದಾರಿ ಕಾಯುತ್ತ ಬಿಡುವಂತಿಲ್ಲ. ನನ್ನ ಹೆಂಡತಿ ಕಿಟಕಿಯಿಂದ ನೋಡಿ, “ಡ್ರಮ್ಮಿಗೆ ಮುಚ್ಚಳ ಇದೆಯಲ್ಲ” ಎಂದಳು. ಇದ್ದಿಲು ಹೊತ್ತಿಸಿ, ಕೆಂಡವನ್ನೆಲ್ಲ ಡ್ರಮ್ಮಿನ ಎಡ ಮಗ್ಗುಲಿಗೆ ಒತ್ತರಿಸಿ, ಬಲ ಮಗ್ಗುಲಿನಲ್ಲಿ ತಟ್ಟೆಯ ತುಂಬ ನೀರಿಟ್ಟು, ಅದರ ಮೇಲೆ ಬರುವಂತೆ ತೊಡೆ ಇಟ್ಟೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಮುಚ್ಚಳ ಅಡುಗೆಯ ಮೇಲೆ ಇಳಿಯಿತು. ಮುಚ್ಚಳದ ತೂತಿನಲ್ಲಿ ಗ್ರಿಲ್ಲಿನ ಶಾಖಮಾಪಕ ತೂರಿಸಿದೆ. 160. ಗಾಳಿ ಬರುವ ಸಂದಿಗೆ ಇಟ್ಟಿಗೆ ಒತ್ತಿದೆ. 130. ಮತ್ತೆ ಅರ್ಧ ಗಂಟೆಗೆ 100ಕ್ಕೆ ಇಳಿಯಿತು, ಹತ್ತು ಇದ್ದಿಲು, ಒಂದು ಜಾಲಿ ತುಂಡು. ಹೀಗೆ ಮೂರೂವರೆ ಗಂಟೆ ಕೊಡೆ ಹಿಡಿದು ಅಲ್ಲಿಯೇ ಕೂತಿದ್ದೆ. ಮಗ ಬಂದು ಪಕ್ಕದಲ್ಲಿ ಕೂತ. ಆಮೇಲೆ ಕಾಕಾ ಬಂದರು, ಅವರಿಗೂ ಕುರ್ಚಿ ತಂದು ಹಾಕಿದೆವು. ಅವರು ಅಪ್ಪನ ಹೊಲದ ಸುದ್ದಿ ತೆಗೆದರು.

ಊಟ ಚೆನ್ನಾಗಿತ್ತು, ಮೊದಲಿನಷ್ಟಲ್ಲ. ಕೆಂಡದ ಕಡೆಗಿದ್ದ ಮಗ್ಗುಲು ಒಣಗಿತ್ತು, ಬ್ಯಾಡಗಿ ಅಲ್ಲಲ್ಲಿ ಕಪ್ಪಾಗಿತ್ತು. ಕಾಕಾ ಅವರಿಗೆ ಒಳಗಿನ ಭಾಗವನ್ನೇ ಆರಿಸಿ ಆರಿಸಿ ಹಾಕಬೇಕಾಯಿತು. ಹೊಗೆ ಮಾತ್ರ ಈ ಸಲ ಗಾಢವಾಗಿ ಹಿಡಿದಿತ್ತು, ಹೋದ ವಾರದ ತೊಡೆಯಲ್ಲಿ ಹುಡುಕಬೇಕಾಗಿದ್ದ ಹೊಗೆ ಇಲ್ಲಿ ತಾನಾಗಿ ನಾಲಿಗೆಗೆ ಬರುತ್ತಿತ್ತು. ಅವ್ವ ಕರಿಯಾದ ತುಣುಕುಗಳನ್ನೆಲ್ಲ ತನ್ನ ತಟ್ಟೆಗೆ ಹಾಕಿಸಿಕೊಂಡಳು.

ಮರುದಿನ ಗೆಳೆಯರಿಗೆ ಫೋನ್ ಮಾಡಿ ಬೇಡವೆಂದೆ. ಗ್ರಿಲ್ಲಿನ ಮೇಲೆ ನನಗೆ ಯಾವ ದೂರೂ ಇಲ್ಲ, ಅದನ್ನು ಅವರಿಗೆ ಸ್ಪಷ್ಟವಾಗಿ ಹೇಳಿದೆ. ವಾರವಾರವೂ ತೊಡೆ, ಇಡೀ ಕೋಳಿ, ದೊಡ್ಡ ಮೀನು ಮಾಡುವವರಿಗೆ, ಬೆಂಕಿಯ ಪಕ್ಕ ಕೂರಲು ಬಿಡುವಿಲ್ಲದವರಿಗೆ, ಪ್ರತಿ ಸಲವೂ ಒಂದೇ ಹದ ಬೇಕೆನ್ನುವವರಿಗೆ ಇದಕ್ಕಿಂತ ನೆಮ್ಮದಿಯ ಸಾಧನ ನಾನು ನೋಡಿಲ್ಲ. ಕರೆಂಟಿಗೆ ಬದಲಿ ವ್ಯವಸ್ಥೆ, ಪೆಲೆಟ್ ಒಣಗಿಡುವ ಜಾಗ, ಮೂರು ನಾಲ್ಕು ಅಡುಗೆಗೊಮ್ಮೆ ಬೂದಿ ಮತ್ತು ಜಿಡ್ಡು ತೆಗೆಯುವ ಶಿಸ್ತು ಇದ್ದರೆ ಅದು ಕೈಬಿಡುವುದಿಲ್ಲ. ನನ್ನ ಅಡುಗೆಯಲ್ಲಿ ಮುಕ್ಕಾಲು ಪಾಲು ಸುಡುವುದು. ಮೆಕ್ಕೆಜೋಳ, ಬದನೆಕಾಯಿ, ಖೀಮಾ, ಬಂಗಡೆ ಇವುಗಳಿಗೆ ಗ್ರಿಲ್ಲಿನಲ್ಲಿ ಜಾಗವಿಲ್ಲ, ಹಾಗಾಗಿ ಅದನ್ನು ಕೊಂಡರೂ ಡ್ರಮ್ ಅಲ್ಲಿಯೇ ಇರಬೇಕು. ಗದಗಿನಲ್ಲಿ ನನಗೆ ಪರಿಚಯದವರೊಬ್ಬರು ಸಮಾರಂಭಗಳಿಗೆ ಅಡುಗೆ ಒಪ್ಪಿಕೊಳ್ಳುತ್ತಾರೆ, ಅವರ ಬಳಿ ಜನರೇಟರ್ ಇದೆ, ಒಂದೇ ಹದದ ನೂರು ಕೋಳಿಯ ಕಾಲು ಅವರಿಗೆ ಬೇಕಾಗುತ್ತದೆ. ಅವರ ನಂಬರ್ ಕೊಟ್ಟೆ. ಬುಧವಾರ ಅವರೇ ಗಾಡಿ ತಂದು ಒಯ್ದರು. ಶಾಖಮಾಪಕವನ್ನು ಮಾತ್ರ ಗೆಳೆಯರು ನನಗೇ ಬಿಟ್ಟುಕೊಟ್ಟರು.

ಡ್ರಮ್ಮಿನ ಮುಚ್ಚಳಕ್ಕೆ ಈಗ ಗಾಳಿಯ ಕಿಂಡಿ ಮಾಡಿಸಿ, ಜಾರಿಸಿ ಮುಚ್ಚುವ ತಗಡು ಹಚ್ಚಿಸಿದ್ದೇನೆ. ಕೆಂಡ ಒಂದು ಕಡೆಯೇ ನಿಲ್ಲಲೆಂದು ಒಳಗೆ ಅಡ್ಡ ಪಟ್ಟಿಯೂ ಬಂದಿದೆ. ಶ್ರಾವಣ ಮುಗಿದ ಮೇಲೆ ಕಾಕಾ ಅವರಿಗೆ ಮತ್ತೊಂದು ತೊಡೆ ಮಾಡಬೇಕು, ಈ ಸಲ ನಾಲ್ಕು ಗಂಟೆ ಮೊದಲೇ ಹೊತ್ತಿಸುತ್ತೇನೆ.

ಬಕೆಟ್ಟಿನಲ್ಲಿದ್ದ ಉಬ್ಬಿದ ಹೊಟ್ಟನ್ನು ಅವ್ವ ಎಸೆಯಲು ಬಿಡಲಿಲ್ಲ. ಬಿಸಿಲು ಕಂಡ ಎರಡು ದಿನ ಮಾಳಿಗೆಯ ಮೇಲೆ ಹರವಿ, ಒಣಗಿಸಿ, ಬಚ್ಚಲ ಒಲೆಗೆ ಹಿಡಿಹಿಡಿಯಾಗಿ ಹಾಕಿದಳು. ಶ್ರಾವಣದ ಮೊದಲ ಸೋಮವಾರ ಬೆಳಗ್ಗೆ ಹಂಡೆಯ ನೀರು ತೋಡಿಕೊಳ್ಳಲು ಹೋದರೆ ಬಚ್ಚಲಲ್ಲೆಲ್ಲ ಜಾಲಿಯ ವಾಸನೆ.